ಆಟದ ಮೇಲಿನ ಆರೋಪ: ಒಂದು ಹಳೆಯ ವಿಚಾರಣೆ

ಚಿಕ್ಕ ವಯಸ್ಸಿನವನೊಬ್ಬ ಕ್ರೂರವಾದ ಕೆಲಸ ಮಾಡಿದನೆಂಬ ಸುದ್ದಿ ಬಂದೊಡನೆ, ಅವನನ್ನು ಕೆಡಿಸಿದ್ದು ಏನು ಎಂಬ ಪ್ರಶ್ನೆ ಹಿರಿಯರಲ್ಲಿ ಏಳುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ಕಾಲಕಾಲಕ್ಕೆ ಬೇರೆಯಾಗುತ್ತ ಬಂದಿದೆ. ಒಂದು ಕಾಲದಲ್ಲಿ ಹುಡುಗರನ್ನು ಕೆಡಿಸುವ ಹೊಣೆ ಕಾದಂಬರಿಯದಾಗಿತ್ತು. ಆಮೇಲೆ ನಾಟಕದ ಕಂಪೆನಿಯದಾಯಿತು. ಅದರ ಬೆನ್ನಿಗೇ ಸಿನಿಮಾ ಬಂತು, ಟೆಲಿವಿಷನ್ ಬಂತು. ಈಗ ಆ ಕಟಕಟೆಯಲ್ಲಿ ನಿಂತಿರುವುದು ವಿಡಿಯೋ ಗೇಮ್. ಬಂದೂಕು ಹಿಡಿದು ಎದುರಾದವರನ್ನೆಲ್ಲ ಉರುಳಿಸುವ ಆಟವನ್ನು ದಿನವೂ ಆಡುವ ಹುಡುಗ ನಾಳೆ ನಿಜವಾದ ಬಂದೂಕನ್ನೇ ಹಿಡಿಯದಿರುತ್ತಾನೆಯೆ ಎಂದು ಕೇಳುವ ತಂದೆತಾಯಿಗಳು ನಮ್ಮ ನಗರಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರ ಭಯವನ್ನು ನಾನು ಹಗುರವಾಗಿ ಕಾಣುವವನಲ್ಲ.

ಆದರೆ ಇಂದಿನ ಮೊಕದ್ದಮೆಯ ಬಗ್ಗೆ ತೀರ್ಪು ಹೇಳುವ ಮೊದಲು, ಇದೇ ಬಗೆಯ ಹಳೆಯ ಮೊಕದ್ದಮೆಯೊಂದರ ಕಡತವನ್ನು ಬಿಚ್ಚಿ ನೋಡುವುದು ಒಳ್ಳೆಯದು. ಹಳೆಯ ಮೊಕದ್ದಮೆಯಲ್ಲಿ ಒಂದು ಅನುಕೂಲವುಂಟು. ಆಗಿನ ಕಾವು ಆರಿರುತ್ತದೆ, ಬಚ್ಚಿಟ್ಟ ಕಾಗದಗಳು ಹೊರಗೆ ಬಂದಿರುತ್ತವೆ. ನಾನು ಹೇಳಹೊರಟಿರುವುದು ಅಮೆರಿಕದಲ್ಲಿ 1954ರಲ್ಲಿ ಚಿತ್ರಕಥೆಯ ಪುಸ್ತಕಗಳ ಮೇಲೆ, ಅಂದರೆ ಕಾಮಿಕ್ಸ್ ಮೇಲೆ, ನಡೆದ ವಿಚಾರಣೆಯ ಕಥೆ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆ ದೇಶದಲ್ಲಿ ಕಾಮಿಕ್ಸ್ ತಿಂಗಳಿಗೆ ಕೋಟಿಗಟ್ಟಲೆ ಮಾರಾಟವಾಗುತ್ತಿದ್ದವು. ಓದು ಬಂದ ಮಕ್ಕಳಲ್ಲಿ ಅವನ್ನು ಓದದವರು ವಿರಳ. ಕೊಲೆ, ದರೋಡೆ, ಪ್ರೇತ, ಪಿಶಾಚಿಗಳ ಕಥೆಗಳಿಗೆ ಬಹಳ ಗಿರಾಕಿ. ಅದೇ ಸಮಯಕ್ಕೆ ಬಾಲಾಪರಾಧ ಹೆಚ್ಚುತ್ತಿದೆಯೆಂಬ ಕೂಗೂ ಎದ್ದಿತ್ತು. ಎರಡನ್ನೂ ಗಂಟುಹಾಕುವುದು ಕಷ್ಟವಾಗಲಿಲ್ಲ. 1948ರಲ್ಲಿ ಬಿಂಗ್‌ಹ್ಯಾಮ್‌ಟನ್ ಮೊದಲಾದ ಊರುಗಳಲ್ಲಿ ಶಾಲೆಯ ಮಕ್ಕಳಿಂದಲೇ ಕಾಮಿಕ್ಸ್‌ಗಳನ್ನು ರಾಶಿ ಹಾಕಿಸಿ ಬೆಂಕಿಯಿಟ್ಟರು. ಪುಸ್ತಕ ಸುಡುವ ಹಿಟ್ಲರನ ವಿರುದ್ಧ ಹೋರಾಡಿ ಗೆದ್ದು ಆಗ ಮೂರೇ ವರ್ಷ ಕಳೆದಿತ್ತು.

ಈ ಚಳವಳಿಗೆ ವಿದ್ವತ್ತಿನ ಬಲ ತಂದವರು ಡಾಕ್ಟರ್ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು. ಅವರನ್ನು ಹುಂಬರೆಂದೋ ಪ್ರಚಾರಪ್ರಿಯರೆಂದೋ ತಳ್ಳಿಹಾಕಿದರೆ ಅನ್ಯಾಯವಾದೀತು. ಜರ್ಮನಿಯಲ್ಲಿ ಹುಟ್ಟಿ, 1922ರಲ್ಲಿ ಅಮೆರಿಕಕ್ಕೆ ಬಂದ ಅವರು 1946ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಭಾಗದಲ್ಲಿ ಇಗರ್ಜಿಯೊಂದಕ್ಕೆ ಸೇರಿದ ಕಟ್ಟಡದ ನೆಲಮಾಳಿಗೆಯಲ್ಲಿ ಲಫಾರ್ಗ್ ಕ್ಲಿನಿಕ್ ಎಂಬ ಚಿಕಿತ್ಸಾಲಯವನ್ನು ತೆರೆದರು. ಬಡ ಕರಿಯರ ಮನೋವ್ಯಾಧಿಯನ್ನು ಕೇಳುವವರೇ ಇಲ್ಲದ ಕಾಲದಲ್ಲಿ ಅಲ್ಲಿ 25 ಸೆಂಟ್ ತೆತ್ತರೆ ವೈದ್ಯರು ನೋಡುತ್ತಿದ್ದರು. ಡೆಲವೇರ್ ಸಂಸ್ಥಾನದಲ್ಲಿ ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಶಾಲೆಗಳಿರುವುದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಅವರು ಮಕ್ಕಳನ್ನು ಪರೀಕ್ಷಿಸಿ, ಈ ಭೇದ ಮಕ್ಕಳ ಮನಸ್ಸಿಗೆ ಹಾನಿಯೆಂದು 1951ರಲ್ಲಿ ಸಾಕ್ಷ್ಯ ನುಡಿದರು. ಶಾಲೆಗಳಲ್ಲಿ ವರ್ಣಭೇದ ಕೂಡದೆಂದು ಸುಪ್ರೀಂ ಕೋರ್ಟು 1954ರ ಮೇ ತಿಂಗಳಲ್ಲಿ ಕೊಟ್ಟ ಪ್ರಸಿದ್ಧ ತೀರ್ಪಿನಲ್ಲಿ ಈ ಮೊಕದ್ದಮೆಯೂ ಸೇರಿತ್ತು.

ಅದೇ ವಸಂತದಲ್ಲಿ ಅವರ ‘ಸಿಡಕ್ಷನ್ ಆಫ್ ದಿ ಇನ್ನೊಸೆಂಟ್’ ಎಂಬ ಪುಸ್ತಕ ಹೊರಬಂತು. ತಾವು ಕಂಡ ನೂರಾರು ಮಕ್ಕಳ ಕಥೆಗಳನ್ನು ಮುಂದಿಟ್ಟು, ಕಾಮಿಕ್ಸ್ ಬಾಲಾಪರಾಧಕ್ಕೆ ಒಂದು ಮುಖ್ಯ ಕಾರಣವೆಂದು ಅವರು ಅದರಲ್ಲಿ ವಾದಿಸಿದರು. ಏಪ್ರಿಲ್ ಮತ್ತು ಜೂನ್ ತಿಂಗಳುಗಳಲ್ಲಿ ಸೆನೆಟ್‌ನ ಉಪಸಮಿತಿ ನ್ಯೂಯಾರ್ಕಿನಲ್ಲಿ ವಿಚಾರಣೆ ನಡೆಸಿತು. ವರ್ಥಮ್ ಸಾಕ್ಷಿ ಹೇಳಿದ ದಿನವೇ ಭಯಾನಕ ಕಾಮಿಕ್ಸ್ ಪ್ರಕಾಶಕ ವಿಲಿಯಂ ಗೇನ್ಸ್ ಕೂಡ ಹಾಜರಾದ. ಕತ್ತರಿಸಿದ ಹೆಂಗಸಿನ ತಲೆಯನ್ನು ಕೈಯಲ್ಲಿ ಹಿಡಿದ ಕೊಡಲಿಗಾರನ ಮುಖಚಿತ್ರವನ್ನು ತೋರಿಸಿ, ಇದು ಸದಭಿರುಚಿಯೆ ಎಂದು ಸೆನೆಟರ್ ಕಿಫಾವರ್ ಕೇಳಿದರು. ಭಯಾನಕ ಪುಸ್ತಕದ ಮುಖಚಿತ್ರವಾಗಿ ನೋಡಿದರೆ ಹೌದು ಎಂದ ಗೇನ್ಸ್. ಆ ಒಂದು ಉತ್ತರದಿಂದ ಕಾಮಿಕ್ಸ್‌ನವರು ಜನರ ಕಣ್ಣಿನಲ್ಲಿ ಸೋತುಹೋದರು.

ಸರ್ಕಾರ ಕಾನೂನು ಮಾಡಲಿಲ್ಲ. ಅದಕ್ಕೆ ಮೊದಲೇ ಹೆದರಿದ ಪ್ರಕಾಶಕರು 1954ರ ಅಕ್ಟೋಬರಿನಲ್ಲಿ ತಾವೇ ಒಂದು ನಿಯಮಾವಳಿ ಮಾಡಿಕೊಂಡು, ಅದರ ಮುದ್ರೆಯಿಲ್ಲದ ಪುಸ್ತಕ ಅಂಗಡಿ ಸೇರುವುದೇ ಕಷ್ಟವಾಗುವಂತೆ ಮಾಡಿದರು. ಅನೇಕ ಪ್ರಕಾಶಕರು ಬಾಗಿಲು ಮುಚ್ಚಿದರು. ಅನೇಕ ಚಿತ್ರಗಾರರು ಕೆಲಸ ಕಳೆದುಕೊಂಡರು. ಗೇನ್ಸ್‌ಗೆ ಕೊನೆಗೆ ಉಳಿದದ್ದು ‘ಮ್ಯಾಡ್’ ಎಂಬ ಹಾಸ್ಯಪತ್ರಿಕೆಯೊಂದೇ. ಅಷ್ಟರೊಳಗೆ ಒಂದು ವಿಚಿತ್ರ ನಡೆಯಿತು. ಬಣ್ಣ ಬೇರೆಯೆಂಬ ಒಂದೇ ಕಾರಣಕ್ಕೆ ಯಂತ್ರಮಾನವರು ಪರಸ್ಪರ ಮೇಲುಕೀಳು ಎಣಿಸುವ ಗ್ರಹವೊಂದಕ್ಕೆ ಭೂಮಿಯಿಂದ ಪರೀಕ್ಷಕನೊಬ್ಬ ಹೋಗಿ, ನೀವಿನ್ನೂ ನಮ್ಮ ಸಾಲಿಗೆ ಸೇರಲು ಅರ್ಹರಲ್ಲವೆಂದು ತಿಳಿಸಿ ಮರಳುವ ಕಥೆಯನ್ನು ಗೇನ್ಸ್ ಮರುಮುದ್ರಣಕ್ಕೆ ತೆಗೆದುಕೊಂಡ. ಕೊನೆಯ ಚಿತ್ರದಲ್ಲಿ ಆ ಪರೀಕ್ಷಕ ಶಿರಸ್ತ್ರಾಣ ತೆಗೆದಾಗ ಅವನು ಕರಿಯನೆಂದು ತಿಳಿಯುತ್ತದೆ. ನಿಯಮಾವಳಿಯ ಅಧಿಕಾರಿ ಆ ಮುಖ ಕರಿಯನದಾಗಕೂಡದೆಂದು ತಕರಾರು ತೆಗೆದ. ಗೇನ್ಸ್ ಹಟ ಹಿಡಿದು, 1956ರ ಆರಂಭದ ಸಂಚಿಕೆಯಲ್ಲಿ ಕಥೆಯನ್ನು ಇದ್ದಂತೆಯೇ ಅಚ್ಚುಮಾಡಿದ. ಆ ನಿಯಮಾವಳಿ ವರ್ಥಮ್ ಕೇಳಿದ್ದಲ್ಲ, ನಿಜ; ಮಕ್ಕಳಿಗೆ ಮಾರುವುದನ್ನು ತಡೆಯುವ ಕಾನೂನನ್ನು ಅವರು ಬಯಸಿದ್ದರು. ಆದರೂ ವರ್ಣಭೇದದ ವಿರುದ್ಧ ಸಾಕ್ಷಿ ನುಡಿದವರು ಎಬ್ಬಿಸಿದ ಗಾಳಿ ಎಲ್ಲಿಗೆ ಬೀಸಿತು ನೋಡಿ.

ಆ ಗಾಳಿ ನಮ್ಮಲ್ಲಿಗೂ ಬಂತು. ಇಂಗ್ಲೆಂಡಿನಲ್ಲಿ 1955ರಲ್ಲಿ ಭಯಾನಕ ಕಾಮಿಕ್ಸ್ ವಿರುದ್ಧ ಕಾಯಿದೆಯಾದರೆ, ಮರುವರ್ಷವೇ ನಮ್ಮ ಪಾರ್ಲಿಮೆಂಟು ತರುಣರಿಗೆ ಹಾನಿಕರವಾದ ಪ್ರಕಟಣೆಗಳ ಕಾಯಿದೆಯನ್ನು ಮಾಡಿತು. ಅಪರಾಧ, ಹಿಂಸೆ, ಬೀಭತ್ಸಗಳನ್ನು ಚಿತ್ರಿಸಿ 20 ವರ್ಷಕ್ಕೆ ಕಡಿಮೆ ವಯಸ್ಸಿನವರನ್ನು ಕೆಡಿಸುವಂತಹ ಪುಸ್ತಕವನ್ನು ಮಾರಿದರೆ ಆರು ತಿಂಗಳವರೆಗೆ ಸೆರೆವಾಸ. ದುಶ್ಶಾಸನನ ರಕ್ತವನ್ನು ಭೀಮ ಕುಡಿದ ಕಥೆಯನ್ನು ಅಜ್ಜಿಯ ತೊಡೆಯ ಮೇಲೆ ಕುಳಿತು ಕೇಳಿ ಬೆಳೆದ ನಮ್ಮ ದೇಶಕ್ಕೆ ಆ ಕಾಯಿದೆ ಎಷ್ಟು ಬೇಕಾಗಿತ್ತೆಂಬುದನ್ನು ಓದುಗರೇ ಯೋಚಿಸಬಹುದು.

ವರ್ಥಮ್ 1981ರಲ್ಲಿ ತೀರಿಕೊಂಡರು. ಅವರ ಕಾಗದಪತ್ರಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದ್ದವು. ಎಲ್ಲರ ಪರಿಶೀಲನೆಗೆ ದೊರೆತದ್ದು 2010ರಲ್ಲಿ. ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾರಲ್ ಟಿಲಿ ಎಂಬ ವಿದುಷಿ ಆ ಪೆಟ್ಟಿಗೆಗಳನ್ನು ತೆರೆದು, ವೈದ್ಯರ ಟಿಪ್ಪಣಿಗಳನ್ನು ಪುಸ್ತಕದೊಡನೆ ಹೋಲಿಸಿ, 2012ರಲ್ಲಿ ತಮ್ಮ ಲೇಖನವನ್ನು ಪ್ರಕಟಿಸಿದರು. ಕಂಡದ್ದು ದುಃಖಕರವಾಗಿತ್ತು. ಬೇರೆ ಬೇರೆ ಮಕ್ಕಳ ಮಾತುಗಳನ್ನು ಬೆಸೆದು ಒಬ್ಬರದೆಂಬಂತೆ ಬರೆದದ್ದುಂಟು; ಸಹೋದ್ಯೋಗಿಗಳಿಂದ ಕೇಳಿದ್ದನ್ನು ತಾವೇ ಕಂಡಂತೆ ಬರೆದದ್ದುಂಟು; ಒಪ್ಪದ ಸಂಗತಿಗಳನ್ನು ಬಿಟ್ಟದ್ದುಂಟು. ಶಾಲೆ ತಪ್ಪಿಸುತ್ತಿದ್ದ ಹುಡುಗಿಯೊಬ್ಬಳು ಕಾಡಿನ ನಾಯಕಿಯ ಕಾಮಿಕ್ಸ್‌ಗೆ ಮನಸೋತವಳೆಂದು ಪುಸ್ತಕ ಹೇಳುತ್ತದೆ. ಅವಳು ಪುಂಡರ ತಂಡವೊಂದಕ್ಕೆ ಸೇರಿದ್ದಳು, ಮನೆ ಬಿಟ್ಟು ಓಡಿಹೋಗಿದ್ದಳು ಎಂಬ ಸಂಗತಿಗಳು ಟಿಪ್ಪಣಿಯಲ್ಲಿವೆ, ಪುಸ್ತಕದಲ್ಲಿಲ್ಲ.

ಇದನ್ನು ಓದಿದಾಗ ನನ್ನ ಮನಸ್ಸನ್ನು ಕಲಕಿದ್ದು ವೈದ್ಯರ ಅಪ್ರಾಮಾಣಿಕತೆಗಿಂತ ಹೆಚ್ಚಾಗಿ ಆ ಹುಡುಗಿಯ ಗತಿ. ಅವಳ ಕಷ್ಟ ಏನೆಂಬುದು ವೈದ್ಯರ ಕೈಬರಹದಲ್ಲಿಯೇ ಇತ್ತು. ದೇಶಕ್ಕೆ ದೇಶವೇ ಆಕೆಯ ಬಗ್ಗೆ ಓದಿತು. ಆದರೆ ಓದಿದ್ದು ಆಕೆಯ ಕಥೆಯನ್ನಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ನಮ್ಮ ಗಾದೆಯಲ್ಲಿ ಎಮ್ಮೆಯ ಪಾಡನ್ನು ಎಲ್ಲರೂ ನೆನೆಯುತ್ತಾರೆ. ಎತ್ತಿನ ಜ್ವರ ಹಾಗೆಯೇ ಉಳಿಯಿತೆಂಬುದನ್ನು ನೆನೆಯುವವರು ಕಡಿಮೆ.

ಪುಸ್ತಕದಲ್ಲಿ ಇನ್ನೊಂದು ದೋಷವೂ ಇತ್ತು. ಅದಕ್ಕೆ ಯಾವ ಪೆಟ್ಟಿಗೆಯನ್ನೂ ತೆರೆಯಬೇಕಾಗಿರಲಿಲ್ಲ. ವರ್ಥಮ್ ಕಂಡದ್ದು ಹೆಚ್ಚಾಗಿ ತೊಂದರೆಯಲ್ಲಿದ್ದ ಮಕ್ಕಳನ್ನು. ಅವರೆಲ್ಲ ಕಾಮಿಕ್ಸ್ ಓದುತ್ತಿದ್ದರು. ತೊಂದರೆಯಿಲ್ಲದೆ ಮನೆಯಲ್ಲಿದ್ದ ಲಕ್ಷಾಂತರ ಮಕ್ಕಳೂ ಓದುತ್ತಿದ್ದರು. ಕಳ್ಳರೆಲ್ಲ ಅನ್ನ ಉಣ್ಣುವವರೆಂದು ಅನ್ನದ ಮೇಲೆ ಕಳ್ಳತನ ಹೊರಿಸಲಾದೀತೆ? ಕಾಮಿಕ್ಸ್ ಶುದ್ಧವಾದ ಮೇಲೆ, 1960ರ ದಶಕದಲ್ಲಿ, ಅಮೆರಿಕದ ಅಪರಾಧಗಳು ಏರುತ್ತಲೇ ಹೋದವು.

ಈಗ ಈ ಕಡತವನ್ನು ಪಕ್ಕದಲ್ಲಿಟ್ಟುಕೊಂಡು ವಿಡಿಯೋ ಗೇಮ್‌ನ ಕಡೆಗೆ ತಿರುಗೋಣ. ‘ಮಾರ್ಟಲ್ ಕಾಂಬ್ಯಾಟ್’ ಮೊದಲಾದ ಆಟಗಳ ರಕ್ತಪಾತವನ್ನು ಕುರಿತು 1993ರ ಡಿಸೆಂಬರಿನಲ್ಲಿ ಮತ್ತೆ ಸೆನೆಟ್‌ನಲ್ಲಿಯೇ ವಿಚಾರಣೆ ನಡೆಯಿತು. ಮರುವರ್ಷ ಕಂಪೆನಿಗಳು ತಾವೇ ವಯಸ್ಸಿನ ಗುರುತು ಹಾಕುವ ವ್ಯವಸ್ಥೆ ಮಾಡಿಕೊಂಡವು. 1999ರ ಏಪ್ರಿಲಿನಲ್ಲಿ ಕಾಲೊರಾಡೊದ ಕೊಲಂಬೈನ್ ಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು 13 ಜನರನ್ನು ಕೊಂದು ತಾವೂ ಸತ್ತರು. ಅವರು ‘ಡೂಮ್’ ಎಂಬ ಆಟ ಆಡುತ್ತಿದ್ದರೆಂಬುದು ದೊಡ್ಡ ಸುದ್ದಿಯಾಯಿತು. ಆ ಆಟವನ್ನು ಲಕ್ಷಾಂತರ ಹುಡುಗರು ಆಡುತ್ತಿದ್ದರು. ಆ ಇಬ್ಬರ ಕೈಗೆ ನಿಜವಾದ ಬಂದೂಕುಗಳು ಸಿಕ್ಕಿದ್ದವು.

ಸಂಶೋಧಕರ ಮಾತನ್ನೂ ಕೇಳೋಣ. ಹಿಂಸೆಯ ಆಟ ಆಡಿದ ಮೇಲೆ ಸ್ವಲ್ಪ ಹೊತ್ತು ಕೆರಳಿದ ಮನಸ್ಸು ಇರುತ್ತದೆಂದು ಕೆಲವು ಪ್ರಯೋಗಗಳು ತೋರಿಸಿವೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಕೆರಳುವುದು ಬೇರೆ, ಕೊಲ್ಲುವುದು ಬೇರೆ. ಆಕ್ಸ್‌ಫರ್ಡಿನ ವಿದ್ವಾಂಸರು ಸುಮಾರು ಸಾವಿರ ಮಂದಿ ಬ್ರಿಟಿಷ್ ಹುಡುಗ ಹುಡುಗಿಯರನ್ನೂ ಅವರ ಪೋಷಕರನ್ನೂ ವಿಚಾರಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಿಂಸೆಯ ಆಟಕ್ಕೂ ಮಕ್ಕಳ ಆಕ್ರಮಣಶೀಲತೆಗೂ ಸಂಬಂಧ ಕಾಣಲಿಲ್ಲ. ಆಟದಿಂದ ಆಕ್ರಮಣಶೀಲತೆ ಹೆಚ್ಚಬಹುದೆಂದು ಹೇಳುತ್ತ ಬಂದ ಅಮೆರಿಕದ ಮನೋವಿಜ್ಞಾನಿಗಳ ಸಂಘವೇ, ನಿಜಜೀವನದ ಹಿಂಸಾಕೃತ್ಯಕ್ಕೆ ಆಟವನ್ನು ಹೊಣೆ ಮಾಡುವಷ್ಟು ಆಧಾರವಿಲ್ಲವೆಂದು 2020ರಲ್ಲಿ ಸ್ಪಷ್ಟಪಡಿಸಿತು. ಅಮೆರಿಕದಲ್ಲಿ 1990ರ ದಶಕದ ನಡುವಿನಿಂದ ಮುಂದಕ್ಕೆ ಆಟಗಳ ಮಾರಾಟ ಬೆಳೆಯುತ್ತ ಹೋದ ವರ್ಷಗಳಲ್ಲಿಯೇ ತರುಣರ ಹಿಂಸಾಪರಾಧಗಳು ಬಹಳ ಇಳಿದವು. ಆಟದಿಂದಲೇ ಇಳಿದವೆಂದು ನಾನು ಹೇಳಲಾರೆ. ಹಾಗೆ ಹೇಳಿದರೆ ವರ್ಥಮ್ ಅವರ ತಪ್ಪನ್ನೇ ತಿರುಗಿಸಿ ಮಾಡಿದಂತಾಗುತ್ತದೆ. ಕ್ಯಾಲಿಫೋರ್ನಿಯ ಮಾಡಿದ್ದ ಮಾರಾಟದ ನಿರ್ಬಂಧವನ್ನು ಸುಪ್ರೀಂ ಕೋರ್ಟು 2011ರಲ್ಲಿ ರದ್ದುಮಾಡಿದಾಗ, ತೀರ್ಪು ಬರೆದ ನ್ಯಾಯಮೂರ್ತಿ ಸ್ಕಲಿಯ ಕಾಮಿಕ್ಸ್‌ನ ಈ ಹಳೆಯ ಕಥೆಯನ್ನು ನೆನೆದರು.

ನಮ್ಮ ದೇಶದಲ್ಲಿ 2019ರ ಮಾರ್ಚಿಯಲ್ಲಿ ರಾಜಕೋಟೆಯ ಪೊಲೀಸರು ಪಬ್‌ಜಿ ಆಟವನ್ನು ನಿಷೇಧಿಸಿ, ಮೊಬೈಲಿನಲ್ಲಿ ಅದನ್ನು ಆಡುತ್ತಿದ್ದ ಕಾಲೇಜು ಹುಡುಗರನ್ನು ಹಿಡಿದರು. ಕೊಲೆಯ ಭಯದಿಂದ ಹೊರಟವರಿಗೆ ಸಿಕ್ಕಿದ್ದು ಆಟವಾಡುವ ಹುಡುಗರು.

ಮಕ್ಕಳು ಬೇಕಾದ ಹಾಗೆ ಆಡಲಿ ಎಂಬುದು ನನ್ನ ವಾದವಲ್ಲ. ನಿದ್ದೆಗೆಟ್ಟು ಆಡುವ ಹುಡುಗನನ್ನು ತಡೆಯುವ ಹಕ್ಕು ತಾಯಿಗುಂಟು. ಹಣ ಸುರಿಯುವುದನ್ನು ತಡೆಯುವ ಹಕ್ಕು ತಂದೆಗುಂಟು. ರಕ್ತ ಕಂಡರೆ ಹೇಸುವವರು ಅದನ್ನು ಮನೆಯೊಳಗೆ ಬಿಡದಿದ್ದರೆ ಯಾರೂ ಆಕ್ಷೇಪಿಸಲಾರರು. ಅವಕ್ಕೆಲ್ಲ ಕೊಲೆಯ ಆರೋಪ ಬೇಕಾಗಿಲ್ಲ. ಆರೋಪ ಹೊರಿಸುವುದಾದರೆ ರುಜುವಾತು ಬೇಕು. ಈವರೆಗೆ ಅದು ಬಂದಿಲ್ಲ. ಮುಂದೆ ಅಂತಹ ಘೋರವಾದ ಸುದ್ದಿಯೊಂದು ಪತ್ರಿಕೆಯಲ್ಲಿ ಬಂದು, ಹುಡುಗನ ಮೊಬೈಲಿನಲ್ಲಿದ್ದ ಆಟದ ಹೆಸರು ದಪ್ಪಕ್ಷರದಲ್ಲಿ ಕಂಡರೆ, ಅವನ ಮನೆ ಹೇಗಿತ್ತು, ಶಾಲೆ ಹೇಗಿತ್ತು, ಅವನು ಯಾರಿಂದ ಪೆಟ್ಟು ತಿನ್ನುತ್ತಿದ್ದ, ಆಯುಧ ಅವನ ಕೈಗೆ ಎಲ್ಲಿಂದ ಬಂತು ಎಂಬುದನ್ನು ಆ ವರದಿಯಲ್ಲಿ ನಾನಂತೂ ಹುಡುಕುತ್ತೇನೆ. ವರ್ಥಮ್ ಅವರ ಟಿಪ್ಪಣಿಯಲ್ಲಿದ್ದು ಪುಸ್ತಕಕ್ಕೆ ಬಾರದೆ ಹೋದದ್ದು ಇಂತಹ ಸಂಗತಿಗಳೇ.