ಮಹತ್ವಾಕಾಂಕ್ಷೆ

‘ಮಹತ್ವ’ಕ್ಕೆ ‘ಆಕಾಂಕ್ಷೆ’ ಸೇರಿ ಸವರ್ಣದೀರ್ಘ ಸಂಧಿಯಾದ ಪದವಿದು. ಬಯಸು ಎಂಬರ್ಥದ ಸಂಸ್ಕೃತದ ‘ಕಾಂಕ್ಷ್’ ‘ಆಕಾಂಕ್ಷೆ’ಯ ಧಾತು. ಯಾರ ಮಹತ್ವ ಎಂಬುದನ್ನು ಪದ ಹೇಳುವುದಿಲ್ಲ. ಹಾಗಾಗಿಯೇ ವರದಿಗಳಲ್ಲಿ ‘ಮಹತ್ವಾಕಾಂಕ್ಷಿ ಯೋಜನೆ’ ಎಂದರೆ ಹೊಗಳಿಕೆ, ‘ಮಹತ್ವಾಕಾಂಕ್ಷಿ ನಾಯಕ’ ಎಂದರೆ ಬಹುಮಟ್ಟಿಗೆ ಆರೋಪ. ಈ ಆರೋಪ ಪೂರ್ತಿ ನ್ಯಾಯವಲ್ಲ. ಸಾಣಾಪುರ, ಆನೆಗೊಂದಿ ಭಾಗದ ಗದ್ದೆಗಳಿಗೆ ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ತುಂಗಭದ್ರೆಯ ನೀರುಣಿಸುತ್ತಿವೆ. ಆ ಬಂಡೆಗಳ ನಾಡಿನಲ್ಲಿ ಹೊಳೆ ತಿರುಗಿಸುವುದು ಅಲ್ಪತೃಪ್ತ ಅರಸರ ಕೆಲಸವಲ್ಲ. ಅವರಿಗೆ ಕಂದಾಯವೂ ಕೀರ್ತಿಯೂ ಬೇಕಿತ್ತಲ್ಲ ಎನ್ನಬಹುದು. ಬೇಕಿತ್ತು, ನಿಜ, ಆದರೆ ರೈತನ ಬೆಳೆ ಹೆಚ್ಚದೆ ಕಂದಾಯ ಹೆಚ್ಚುತ್ತಿರಲಿಲ್ಲ. ಇದಕ್ಕೆ ವಿರುದ್ಧವಾಗಿ, ಅದೇ ವಿಜಯನಗರದ ಆಡಳಿತ ಹಿಡಿದಿದ್ದ ಅಳಿಯ ರಾಮರಾಯ ನೆರೆಯ ಸುಲ್ತಾನರನ್ನು ಪರಸ್ಪರ ಎತ್ತಿಕಟ್ಟಿ ಮೇಲುಗೈ ಬಯಸಿದ. 1565ರಲ್ಲಿ ಆ ಸುಲ್ತಾನರು ಒಂದಾಗಿ ಅವನನ್ನು ಸೋಲಿಸಿದಾಗ ರಾಜಧಾನಿಯೇ ಹಾಳಾಯಿತು. ‘ಮಹತ್ವಾಕಾಂಕ್ಷಿ’ ಎಂಬ ಪದವನ್ನು ನಾಯಕರಿಗೆ ಅಂಟಿಸುವ ಮುನ್ನ, ಅವರು ಬಯಸಿದ್ದೇನೆಂಬುದನ್ನೂ ಪತ್ರಕರ್ತರು ಬರೆಯಬೇಕು.