ಬೆಲ್ಟು, ಬೀಗ ಮತ್ತು ಚಿತ್ರಕಥೆ

ಸಾತೇರಿ ದೇವಿಯ ಗುಡಿಯ ಬಾಗಿಲು ವರ್ಷದಲ್ಲಿ ಕೆಲವೇ ದಿನ ತೆರೆಯುತ್ತದೆ. ಕಳೆದ ಸಲ ಆ ದಿನಗಳಲ್ಲಿ ಹಣಕೋಣಕ್ಕೆ ಹೋದಾಗ, ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆಯನ್ನೂ ತೆರೆದೆ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅಪ್ಪ ನನ್ನ ಚಿತ್ರಕಥೆಗಳನ್ನೆಲ್ಲ ಅದರೊಳಗೆ ತುಂಬಿ ಬೀಗ ಹಾಕಿದ್ದರು. ಅರ್ಧದಷ್ಟನ್ನು ಗೆದ್ದಲು ತಿಂದಿತ್ತು.

ಬೀಗ ಬೀಳಲು ಕಾರಣ ಶಾಲೆಯಲ್ಲಿ ನಡೆದ ಒಂದು ಘಟನೆ. ಮೂವರು ಹುಡುಗರು ಸೇರಿ ನಮ್ಮದೇ ತರಗತಿಯ ಒಬ್ಬನನ್ನು ಗೇರುಮರಗಳ ಹಿಂದೆ ಬೆಲ್ಟಿನಿಂದ ಬಾರಿಸಿದ್ದರು. ಹೊಡೆದವರಲ್ಲಿ ಒಬ್ಬನ ಚೀಲದಲ್ಲಿ ಫ್ಯಾಂಟಮ್ ಪುಸ್ತಕ ಸಿಕ್ಕಿತು. ಹಿರಿಯರಿಗೆ ಅಷ್ಟೇ ಸಾಕಾಯಿತು.

ಈ ತರ್ಕ ನಮ್ಮೂರಿನದಷ್ಟೇ ಅಲ್ಲ ಎಂದು ತಿಳಿದದ್ದು ಬಹಳ ತಡವಾಗಿ. ಅಮೆರಿಕದ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ 1954ರಲ್ಲಿ ಒಂದು ಪುಸ್ತಕ ಬರೆದು, ಹದಿಹರೆಯದವರ ಅಪರಾಧಗಳಿಗೆ ಕಾಮಿಕ್ಸ್ ದೊಡ್ಡ ಕಾರಣವೆಂದರು. ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ಅದೇ ವರ್ಷ ತಮಗೆ ತಾವೇ ಕಟ್ಟುಪಾಡು ವಿಧಿಸಿಕೊಂಡರು. ಅದೇ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ನೂರಾರು ಮಕ್ಕಳು ಕಬ್ಬಿಣದ ಹಲ್ಲಿನ ರಕ್ತಪಿಶಾಚಿಯನ್ನು ಹುಡುಕುತ್ತ ಸ್ಮಶಾನಕ್ಕೆ ನುಗ್ಗಿದರು. ಅದಕ್ಕೂ ಕಾಮಿಕ್ಸನ್ನೇ ದೂರಲಾಯಿತು. 1955ರಲ್ಲಿ ಬ್ರಿಟನ್ ಕಾನೂನು ತಂದಿತು.

ಮರುವರ್ಷ, 1956ರಲ್ಲಿ, ಭಾರತದ ಸಂಸತ್ತೂ ಅಂಥದ್ದೇ ಒಂದು ಕಾಯ್ದೆ ಮಾಡಿತು. ಅಪರಾಧ, ಹಿಂಸೆ, ಕ್ರೌರ್ಯ, ಭೀಭತ್ಸವನ್ನು ಚಿತ್ರಗಳ ಮೂಲಕ ಹೇಳಿ, 20 ವರ್ಷದೊಳಗಿನವರನ್ನು ಕೆಡಿಸಬಲ್ಲ ಪುಸ್ತಕಗಳನ್ನು ಮಾರಿದವರಿಗೆ ಆರು ತಿಂಗಳವರೆಗೆ ಸೆರೆಮನೆ. ಇಂದ್ರಜಾಲ ಕಾಮಿಕ್ಸ್ ಶುರುವಾದದ್ದೇ 1964ರಲ್ಲಿ. ಅಂದರೆ ನಮ್ಮಲ್ಲಿ ಪುಸ್ತಕಕ್ಕಿಂತ ಮೊದಲು ಅದರ ಭಯ ಬಂದಿತ್ತು.

ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಅಮರ ಚಿತ್ರ ಕಥೆ ಆರಂಭಿಸಿದರು. ಅದರಲ್ಲಿ ಪುರಾಣವಿತ್ತು, ಇತಿಹಾಸವಿತ್ತು. ತಲೆಗಳೂ ಉರುಳುತ್ತಿದ್ದವು. ಆದರೂ ಅಪ್ಪ ಬೀಗ ಹಾಕುವಾಗ ಆ ಪುಸ್ತಕಗಳನ್ನು ಹೊರಗೇ ಬಿಟ್ಟಿದ್ದರು. ಅಂಕೋಲೆಯ ಅಜ್ಜಿಮನೆಗೆ ಹೋದಾಗ ರಾತ್ರಿಯಿಡೀ ಯಕ್ಷಗಾನ ನೋಡಲು ನಮಗೆ ಅಡ್ಡಿಯಿರಲಿಲ್ಲ. 16ರ ಹರೆಯದ ಅಭಿಮನ್ಯುವನ್ನು ಮಹಾರಥಿಗಳು ಸುತ್ತುವರಿದು ಕೊಲ್ಲುವಾಗ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳೇ ಹೊರತು ನಮ್ಮ ಕಣ್ಣು ಮುಚ್ಚುತ್ತಿರಲಿಲ್ಲ. ಒಬ್ಬನ ಮೇಲೆ ಹಲವರು ಬೀಳುವುದು ಅನ್ಯಾಯ ಎಂದು ನಾನು ಕಲಿತದ್ದು ಅಲ್ಲಿಯೇ.

ವರ್ಥಮ್ ಅವರ ಖಾಸಗಿ ಕಾಗದಪತ್ರಗಳು 2010ರಲ್ಲಿ ಸಂಶೋಧಕರಿಗೆ ಮುಕ್ತವಾದವು. ಅವನ್ನು ಓದಿದ ಕ್ಯಾರಲ್ ಟಿಲ್ಲಿ 2012ರಲ್ಲಿ ಒಂದು ಸಂಗತಿ ಬಯಲಿಗಿಟ್ಟರು. ವೈದ್ಯರು ಹಲವು ಮಕ್ಕಳ ಮಾತುಗಳನ್ನು ತಿದ್ದಿದ್ದರು, ಬೇರೆಬೇರೆಯವರ ಮಾತುಗಳನ್ನು ಒಂದುಗೂಡಿಸಿದ್ದರು, ಮನೆಯ ಕಷ್ಟಗಳ ವಿವರ ಬಿಟ್ಟಿದ್ದರು.

ಅದೇ ವರ್ಷ ಡರ್ಫ್ ಬ್ಯಾಕ್‌ಡರ್ಫ್ ಅವರ 'ಮೈ ಫ್ರೆಂಡ್ ಡಾಮರ್' ಎಂಬ ಗ್ರಾಫಿಕ್ ಕಾದಂಬರಿ ಬಂತು. ಸರಣಿ ಕೊಲೆಗಾರ ಜೆಫ್ರಿ ಡಾಮರ್ ಒಹಾಯೋದ ಹೈಸ್ಕೂಲಿನಲ್ಲಿ ಲೇಖಕರ ಜೊತೆಗೆ ಓದಿದವನು. 1978ರಲ್ಲಿ, 18ನೇ ವಯಸ್ಸಿನಲ್ಲಿ, ಶಾಲೆ ಮುಗಿದ ಕೆಲವೇ ವಾರಗಳಲ್ಲಿ ಮೊದಲ ಕೊಲೆ ಮಾಡಿದ. ಪುಸ್ತಕ ಆ ರಕ್ತವನ್ನು ಚಿತ್ರಿಸಲು ಹೋಗುವುದಿಲ್ಲ. ಹುಡುಗ ಶಾಲೆಯಲ್ಲೇ ಕುಡಿಯುತ್ತಿದ್ದ, ಅವನ ಮನೆ ಒಡೆಯುತ್ತಿತ್ತು. ಹಿರಿಯರೆಲ್ಲ ಎಲ್ಲಿದ್ದರು ಎಂದು ಕೇಳುತ್ತದೆ. ಅವನನ್ನು ತಮಾಷೆಯ ವಸ್ತುವಾಗಿಸಿಕೊಂಡ ಗೆಳೆಯರಲ್ಲಿ ತಾನೂ ಇದ್ದೆ ಎಂಬುದನ್ನು ಲೇಖಕರು ಮುಚ್ಚಿಡುವುದಿಲ್ಲ.

ಅಲ್ಲಿ ನಾನು ಪುಸ್ತಕ ಮಡಚಿಟ್ಟೆ. ಗೇರುಮರಗಳ ಹಿಂದೆ ಆ ದಿನ ನಾನೂ ಇದ್ದೆ. ಆ ಹುಡುಗನಿಗೆ ತಿಂಗಳುಗಟ್ಟಲೆಯಿಂದ ಏಟು ಬೀಳುತ್ತಿದ್ದುದು ಇಡೀ ತರಗತಿಗೆ ಗೊತ್ತಿತ್ತು. ಚೀಲ ತಪಾಸಣೆ ಮಾಡಿದವರು ನಮ್ಮನ್ನು ಏನೂ ಕೇಳಲಿಲ್ಲ, ನಾವಾಗಿ ಹೇಳಲೂ ಇಲ್ಲ. ಪುಸ್ತಕಗಳಿಗೆ ಬೀಗ ಬಿದ್ದಾಗ ನಾನು ಅತ್ತೆ. ಅವನಿಗಾಗಿ ಅತ್ತಿರಲಿಲ್ಲ. ಅವನು ಮರುವರ್ಷ ಶಾಲೆಗೆ ಬರಲಿಲ್ಲ.