ಹಿರಿಯರ ನೆನಪು ಎಂಬ ಅಮಾನತ್

ಪ್ರವಾದಿ ಮುಹಮ್ಮದ್(ಸ)ರ ವಿಯೋಗದ ನಂತರ ನಡೆದ ಯಮಾಮಾ ಯುದ್ಧದಲ್ಲಿ ಕುರ್‌ಆನ್ ಕಂಠಪಾಠವಿದ್ದ ಅನೇಕ ಸಹಾಬಿಗಳು ಹುತಾತ್ಮರಾದರು. ಉಮರ್(ರ)ರ ಸಲಹೆಯಂತೆ ಖಲೀಫಾ ಅಬೂಬಕರ್(ರ) ಕುರ್‌ಆನನ್ನು ಕ್ರೋಡೀಕರಿಸುವ ಹೊಣೆಯನ್ನು ಝೈದ್ ಬಿನ್ ಸಾಬಿತ್(ರ)ರಿಗೆ ವಹಿಸಿದರು. ಝೈದ್‌ರು ತಮ್ಮ ನೆನಪೊಂದನ್ನೇ ಆಧರಿಸದೆ ಖರ್ಜೂರದ ಗರಿ, ಕಲ್ಲುಗಳ ಮೇಲಿದ್ದ ಬರಹಗಳನ್ನೂ ಜನರ ಕಂಠಪಾಠವನ್ನೂ ಒಟ್ಟುಗೂಡಿಸಿದರು. ಮುಂದೆ ಖಲೀಫಾ ಉಮರ್ ಬಿನ್ ಅಬ್ದುಲ್ ಅಝೀಝ್ (ಕ್ರಿ.ಶ. 717-720), ವಿದ್ವಾಂಸರ ಮರಣದೊಂದಿಗೆ ಜ್ಞಾನವೂ ಅಳಿಯಬಹುದೆಂಬ ಆತಂಕದಿಂದ, ಹದೀಸ್‌ಗಳನ್ನು ಬರೆದಿಡುವಂತೆ ಮದೀನಾಕ್ಕೆ ಪತ್ರ ಕಳುಹಿಸಿದರು. ಯಾರು ಹೇಳಿದರು, ಯಾರಿಂದ ಕೇಳಿದರು ಎಂದು ವಿಚಾರಿಸುವ ಇಸ್ನಾದ್ ಪದ್ಧತಿ ನಮ್ಮ ವಿದ್ವಾಂಸರ ಹೆಮ್ಮೆಯ ಪರಂಪರೆ.

ನಮ್ಮ ಅಜ್ಜ-ಅಜ್ಜಿಯರ ಮಾತು ದಿವ್ಯವಾಣಿಗಾಗಲಿ ಹದೀಸ್‌ಗಾಗಲಿ ಸಮಾನವಲ್ಲ. ಆದರೆ ಕೇಳಿದ್ದನ್ನು ಬರೆದಿಡುವಾಗ ಬೇಕಾದ ಪ್ರಾಮಾಣಿಕತೆಯನ್ನು ನಾವು ಅಲ್ಲಿಂದಲೇ ಕಲಿಯಬೇಕು. ದೊಡ್ಡಬಳ್ಳಾಪುರದ ಮಗ್ಗಗಳ ಸದ್ದಿನ ಪಕ್ಕದಲ್ಲೇ ಇರುವ ಬಾಶೆಟ್ಟಿಹಳ್ಳಿ ಇಂದು ಕೈಗಾರಿಕಾ ಪ್ರದೇಶ. ಕಾರ್ಖಾನೆಗಳು ಬರುವ ಮುಂಚಿನ ಹೊಲ, ಕೆರೆ, ಸಂತೆ, ನೆರೆಹೊರೆಯವರ ಒಡನಾಟವನ್ನು ಕಂಡ ಕಣ್ಣುಗಳು ಒಂದೊಂದಾಗಿ ಮುಚ್ಚುತ್ತಿವೆ. ಮೊಬೈಲಿನಲ್ಲಿ ಅವರ ಧ್ವನಿಯನ್ನು ಹಿಡಿದಿಡುವುದು ಸುಲಭ. ಅದನ್ನು ಬರಹಕ್ಕಿಳಿಸುವುದೇ ಕಷ್ಟ. ಒಂದು ಗಂಟೆಯ ಮಾತಿಗೆ ಹಲವು ಗಂಟೆಗಳ ದುಡಿಮೆ ಬೇಕು.

ಇದಕ್ಕೆ ನಮ್ಮ ನಾಡಿನಲ್ಲೇ ನಿದರ್ಶನವಿದೆ. 1990ರ ಡಿಸೆಂಬರ್‌ನಲ್ಲಿ ಗೋಪಾಲ ನಾಯ್ಕರು ಆರು ದಿನಗಳ ಕಾಲ ಹಾಡಿದ ತುಳುವಿನ ಸಿರಿ ಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ, ನಮ್ಮವರಾದ ಬಿ.ಎ. ವಿವೇಕ ರೈ ಮತ್ತು ಚಿನ್ನಪ್ಪ ಗೌಡರು ಧ್ವನಿಮುದ್ರಿಸಿದರು. 15,683 ಸಾಲುಗಳ ಆ ಪಠ್ಯ ಗ್ರಂಥರೂಪದಲ್ಲಿ ಹೊರಬಂದದ್ದು 1998ರಲ್ಲಿ. ಹಾಡಿದ್ದು ಆರು ದಿನ, ಅಚ್ಚಾಗಲು ಎಂಟು ವರ್ಷ!

ಬರಹಗಾರನ ಕರ್ತವ್ಯವೇನು? ಅಲ್‌ಬಕರ ಅಧ್ಯಾಯದ 282ನೇ ಸೂಕ್ತವು ಸಾಲದ ಪತ್ರದ ಕುರಿತು ಹೇಳುತ್ತಾ, ಬರೆಯುವವನು ನ್ಯಾಯದಿಂದ ಬರೆಯಬೇಕೆಂದು ಆದೇಶಿಸುತ್ತದೆ. ಹಿರಿಯರ ಮಾತನ್ನು ಬರೆಯುವವನೂ ಈ ನ್ಯಾಯವನ್ನು ಮರೆಯಬಾರದು. ಅಜ್ಜಿ ದಖ್ಖನಿಯಲ್ಲಿ ‘ನಕ್ಕೊ’ ಎಂದಿದ್ದರೆ ಅದನ್ನು ಗ್ರಾಂಥಿಕ ಉರ್ದುವಿನ ‘ನಹೀಂ’ ಎಂದು ತಿದ್ದಬಾರದು. ನಡುವೆ ಬಂದ ಕನ್ನಡ ಪದವನ್ನು ತೆಗೆದುಹಾಕಬಾರದು. ಆ ಬೆರಕೆಯೇ ಈ ಮಣ್ಣಿನಲ್ಲಿ ನಾವು ಬಾಳಿದ್ದಕ್ಕೆ ಸಾಕ್ಷಿ. ಕೇಳಿಸದ ಮಾತನ್ನು ಊಹಿಸಿ ತುಂಬದೆ ಜಾಗವನ್ನು ಖಾಲಿ ಬಿಡಬೇಕು. ಹೇಳಿದವರು, ಕೇಳಿದವರು, ಸ್ಥಳ, ದಿನಾಂಕ ಇವಿಷ್ಟೂ ಬರಹದ ತಲೆಯಲ್ಲಿರಬೇಕು.

ಪ್ರಕಟಣೆಯಂತೂ ಇನ್ನೂ ದೊಡ್ಡ ಹೊಣೆ. ಬರೆದದ್ದನ್ನು ಹೇಳಿದವರಿಗೇ ಓದಿ ಕೇಳಿಸಿ ಒಪ್ಪಿಗೆ ಪಡೆಯಬೇಕು. ನೆನಪಿನ ಭರದಲ್ಲಿ ಆಸ್ತಿಯ ಜಗಳವೋ ಇನ್ನೊಬ್ಬರ ಮನೆಯ ಗುಟ್ಟೋ ಬಂದಿದ್ದರೆ ಅದನ್ನು ಹರಡುವುದು ಗೀಬತ್ ಆದೀತು. ಅಂತಹ ಭಾಗವನ್ನು ಅಚ್ಚಿನಿಂದ ಕೈಬಿಟ್ಟು, ಕೈಬಿಟ್ಟಿದ್ದೇವೆಂದು ಅಲ್ಲಿಯೇ ಸೂಚಿಸಬೇಕು. ಆಗ ಸತ್ಯಕ್ಕೂ ಮಾನಕ್ಕೂ ಚ್ಯುತಿ ಬಾರದು.

ಮನೆಯ ಹಿರಿಯರು ಇರುವಾಗಲೇ ಅವರ ಬಳಿ ಕುಳಿತು ಕೇಳೋಣ, ಕೇಳಿದ್ದನ್ನು ನ್ಯಾಯದಿಂದ ಬರೆಯೋಣ. ಈ ಅಮಾನತನ್ನು ಮುಂದಿನ ಪೀಳಿಗೆಗೆ ಸುರಕ್ಷಿತವಾಗಿ ತಲುಪಿಸಲು ಅಲ್ಲಾಹನು ನಮಗೆ ಅನುಗ್ರಹಿಸಲಿ. ಆಮೀನ್.